ಚೆಂಡೆಸೆಯುವ ಕೈಗೂ ಒಂದು ಲೆಕ್ಕ

ಕಳೆದ ಬೇಸಿಗೆ ರಜೆಯಲ್ಲಿ ನಾಲ್ಕು ದಿನದ ಮಟ್ಟಿಗೆ ಆದೋನಿ ಕಡೆಗೆ ಹೋಗಿದ್ದೆ. ಹಳಬರ ಬಾಯಲ್ಲಿ ಅದು ಇಂದಿಗೂ ಆದವಾನಿ. ಟಿ.ಸಿ.ಎಚ್. ಓದುವಾಗ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳೆಯ ಅಲ್ಲಿನ ಒಂದು ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಸ್ತರನಾಗಿದ್ದಾನೆ. ಬಳ್ಳಾರಿಯಲ್ಲಿ ಬಸ್ಸು ಹತ್ತಿ ಆಲೂರು ದಾಟಿದರೆ ಎರಡೂ ಕಡೆ ಹತ್ತಿ ಬಿಡಿಸಿ ಮುಗಿದ ಎರೆ ಹೊಲ, ಮೇಲೆ ಕಾದ ಆಕಾಶ. ಚಂದ್ರಗಿರಿ ಹೊಳೆಯ ದಂಡೆಯಿಂದ ಹೋದವನ ಕಣ್ಣಿಗೆ ಅಷ್ಟು ದೊಡ್ಡ ಬಯಲು ಒಮ್ಮೆಲೇ ಹಿಡಿಯುವುದಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮೂರು ವರ್ಷ ಕಳೆದು ನಮ್ಮ ಸರದಿ ಬಂತು. ಆ ಸುಖದುಃಖವನ್ನು ಮಾತಾಡಿಕೊಳ್ಳುವುದೇ ನಾನು ಹೋದ ಉದ್ದೇಶ. ಆದರೆ ನಾವು ಮಾತಾಡಿದ್ದು ಬೇಸ್‌ಬಾಲ್ ಬಗ್ಗೆ. ಓದುಗರು ನಗಬಾರದು.

ಗೆಳೆಯನ ಮಗ ಒಂಬತ್ತನೆಯ ತರಗತಿ. ಬೆಂಗಳೂರಿನ ಸೋದರಮಾವ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ‘ಎಂ.ವಿ.ಪಿ. ಬೇಸ್‌ಬಾಲ್ 2005’ ಎಂಬ ಆಟವಿತ್ತು. ಹುಡುಗ ಅದಕ್ಕೆ ಅಂಟಿಕೊಂಡಿದ್ದ. ನಾನು ಪಕ್ಕದಲ್ಲಿ ಕುಳಿತದ್ದೇ ತಡ, ಪಾಠ ಹೇಳತೊಡಗಿದ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೆ ಪಿಚ್ಚರ್ ಎಂದು ಹೆಸರು. ಅವನು ಅರುವತ್ತೂವರೆ ಅಡಿ ದೂರದಿಂದ ಎಸೆಯುತ್ತಾನೆ. ನಮ್ಮ ಕ್ರಿಕೆಟ್ ಅಂಕಣದ ಅರುವತ್ತಾರು ಅಡಿಗಿಂತ ಸ್ವಲ್ಪ ಕಡಿಮೆ. ಅಮೆರಿಕದ ದೊಡ್ಡ ತಂಡಗಳು ಒಂದು ಋತುವಿನಲ್ಲಿ 162 ಪಂದ್ಯ ಆಡಬೇಕು, ಹೆಚ್ಚುಕಡಿಮೆ ದಿನಕ್ಕೊಂದು. ಒಬ್ಬನ ಕೈಯಿಂದ ಅದು ಆಗುವ ಕೆಲಸವಲ್ಲ. ಹಾಗಾಗಿ ಪಂದ್ಯ ಆರಂಭಿಸುವ ಪಿಚ್ಚರುಗಳು ಐವರು. ಒಬ್ಬ ಇವತ್ತು ನೂರು ಚೆಂಡು ಎಸೆದರೆ ಅವನ ಸರದಿ ಮತ್ತೆ ಐದನೆಯ ಪಂದ್ಯಕ್ಕೆ. ಅವರು ದಣಿದಾಗ ನಡುವೆ ಬರುವವರು ಬೇರೆ, ಕೊನೆಯ ಸರದಿಯಲ್ಲಿ ಗೆಲುವನ್ನು ಉಳಿಸಿಕೊಡಲೆಂದೇ ಇಟ್ಟುಕೊಂಡವನು ಬೇರೆ.

‘ಇಲ್ಲಿ ನೋಡ್ರಿ ಸರ್, ಈ ಗೀಟು’ ಎಂದ. ಪಿಚ್ಚರನ ಶಕ್ತಿ ತೋರಿಸುವ ಪಟ್ಟಿ ಅದು. ಪ್ರತಿ ಎಸೆತಕ್ಕೂ ಅಷ್ಟಷ್ಟು ಸವೆಯುತ್ತದೆ. ಪೂರ್ತಿ ಇಳಿಯಿತೋ, ಚೆಂಡು ಹಾಕಿದ ಕಡೆ ಬೀಳುವುದಿಲ್ಲ, ಎದುರಾಳಿ ಬಾರಿಸಿ ಬಿಸಾಡುತ್ತಾನೆ. ಬದಲಿಯವನನ್ನು ಒಮ್ಮೆಗೇ ಕರೆಯುವಂತೆಯೂ ಇಲ್ಲ. ಅವನು ಪಕ್ಕದಲ್ಲಿ ಮೊದಲೇ ಎಸೆದು ಕೈ ಬಿಸಿ ಮಾಡಿಕೊಂಡಿರಬೇಕು. ಕ್ರಿಕೆಟಿನಲ್ಲಾದರೆ ಚೆಂಡು ಬಿಡಿಸಿದವನಿಗೆ ಹತ್ತು ಓವರ್ ಕಳೆದು ಮತ್ತೆ ಕೊಡಬಹುದು. ಇಲ್ಲಿ ಹೊರಗೆ ಕಳಿಸಿದವನು ಆ ಪಂದ್ಯಕ್ಕೆ ಮತ್ತೆ ಇಲ್ಲ. ಹುಡುಗ ಮೊದಮೊದಲು ತನ್ನ ಅತ್ಯುತ್ತಮ ಪಿಚ್ಚರನನ್ನೇ ಎಲ್ಲ ಪಂದ್ಯಕ್ಕೂ ಇಳಿಸಿ ಸಾಲಾಗಿ ಸೋತನಂತೆ. ‘ಅವ ಚಲೋ ಅದಾನಂತ ಅವನ್ನೇ ಹಾಕಿದ್ರ ತಂಡ ಮುಳುಗತೈತ್ರಿ’ ಎಂದ.

‘ನಮ್ಮ ಸಾಲಿನೂ ಹಂಗ ಐತಿ ಬಿಡಪ್ಪ, ನಿಮ್ಮಪ್ಪ ಒಬ್ಬರೇ ಎಲ್ಲಾ ಕ್ಲಾಸಿಗೂ’ ಎಂದು ಒಳಗಿನಿಂದ ಅವನ ತಾಯಿ ಹೇಳಿದರು. ಸಮಾಜಕ್ಕೆ ನೇಮಕವಾದ ನನ್ನ ಗೆಳೆಯ ಕನ್ನಡವನ್ನೂ, ಕೆಲವೊಮ್ಮೆ ಗಣಿತವನ್ನೂ ತೆಗೆದುಕೊಳ್ಳುತ್ತಾನೆ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ನಕ್ಕೆ. ಗೆಳೆಯ ನಗಲಿಲ್ಲ, ಎದ್ದು ಹೊರಗೆ ಹೋದ. ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ಕಾರಣ ಹೇಳಿದ.

ಸಂಕ್ರಾಂತಿಯ ಸಮಯಕ್ಕೆ ಆ ಕಡೆ ಹಳ್ಳಿಹಳ್ಳಿಯ ನಡುವೆ ಕ್ರಿಕೆಟ್ ಪಂದ್ಯಾಟ ನಡೆದಿತ್ತು. ಇವನ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬ ಎಲುಬಿನ ಹಂದರದಂತಿದ್ದರೂ ಬಲು ವೇಗದ ಬೌಲರ್. ತಂಡದ ಜವಾಬ್ದಾರಿ ಇವನದು. ಹನ್ನೆರಡು ಓವರುಗಳ ಪಂದ್ಯ, ಒಬ್ಬನಿಗೆ ಇಷ್ಟೇ ಓವರ್ ಎಂಬ ಕಟ್ಟುಪಾಡು ಇಲ್ಲ. ಒಂದು ತುದಿಯಿಂದ ಪೂರ್ತಿ ಆರು ಓವರನ್ನೂ ಹುಡುಗನಿಗೇ ಕೊಟ್ಟ. ಮೊದಲ ದಿನ ಮೂರು ಪಂದ್ಯ, ಮರುದಿನ ಎರಡು. ಲೆಕ್ಕ ಹಾಕಿದರೆ 180 ಎಸೆತ. ಕಪ್ ಬಂತು, ಊರಲ್ಲಿ ಮೆರವಣಿಗೆಯೂ ಆಯಿತು. ವಾರ ಕಳೆಯುವುದರೊಳಗೆ ಹುಡುಗ ಬೋರ್ಡಿನಲ್ಲಿ ಬರೆಯಲು ಕೈ ಎತ್ತಲಾರದೆ ಹೋದ.

ಬಳ್ಳಾರಿಯ ವೈದ್ಯರು ಎಕ್ಸ್‌ರೇ ತೆಗೆಸಿ, ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೆದು ಭಾಗವಿರುತ್ತದೆ, ಒಂದೇ ಸಮನೆ ಎಸೆದರೆ ಅದು ತಾಳುವುದಿಲ್ಲ ಎಂದು ತಿಳಿಸಿ ಮೂರು ತಿಂಗಳು ಚೆಂಡು ಮುಟ್ಟಕೂಡದೆಂದರು. ಪಶ್ಚಿಮ ಕರ್ನೂಲಿನ ಮಳೆಯಾಶ್ರಿತ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಸಂಸಾರ ಸಮೇತ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವವರು ಬಹಳ. ಹುಡುಗನ ಮನೆಯವರೂ ಹೊರಟಿದ್ದರು. ತಂದೆ ಶಾಲೆಗೆ ಬಂದು ಜಗಳವಾಡಲಿಲ್ಲವಂತೆ. ‘ಸಾರ್, ದುಡಿಯೋ ಕೈ ಸಾರ್ ಅದು’ ಎಂದಷ್ಟೇ ಹೇಳಿ ಹೋದರಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದ ಗೆಳೆಯ.

ಸ್ವಂತ ಮಗ ಆಟದ ಪೆಟ್ಟಿಗೆಯ ಮುಂದೆ ಕುಳಿತು ‘ಇವನ ಗೀಟು ಇಳೀತು, ತೆಗೀಬೇಕು’ ಎನ್ನುವುದನ್ನು ಇವನು ಕೇಳಿದ್ದು ಆಮೇಲೆ. ಪರದೆಯ ಮೇಲಿನ ಗೊಂಬೆಗೆ ಇದ್ದ ಲೆಕ್ಕ ತಾನು ಪಾಠ ಹೇಳುವ ಹುಡುಗನಿಗೆ ಇರಲಿಲ್ಲವಲ್ಲ ಎಂಬುದೇ ಅವನನ್ನು ಕೊರೆಯುತ್ತಿದ್ದದ್ದು.

ಲೆಕ್ಕ ಇಲ್ಲವೆಂದಲ್ಲ. ಅಮೆರಿಕದ ಮಕ್ಕಳ ಲಿಟಲ್ ಲೀಗಿನಲ್ಲಿ 2007ರಿಂದ ಎಸೆತಗಳನ್ನು ಎಣಿಸುತ್ತಾರೆ. 2014ರಲ್ಲಿ ಹೊರಟ ‘ಪಿಚ್ ಸ್ಮಾರ್ಟ್’ ಎಂಬ ಮಾರ್ಗಸೂಚಿಯ ಪ್ರಕಾರ 13-14 ವಯಸ್ಸಿನವರಿಗೆ ದಿನಕ್ಕೆ 95 ಎಸೆತವೇ ಮಿತಿ, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಕ್ರಿಕೆಟಿನಲ್ಲೂ ಇಂಗ್ಲೆಂಡಿನ ಮಂಡಳಿ ಹದಿನೈದರೊಳಗಿನ ವೇಗದ ಬೌಲರಿಗೆ ಒಮ್ಮೆಗೆ ಆರು ಓವರ್, ದಿನಕ್ಕೆ ಹನ್ನೆರಡು ಎಂದು ಗೆರೆ ಹಾಕಿತ್ತು. ನಮ್ಮ ಊರಿನ ಗದ್ದೆಗಳ ಪಂದ್ಯಾಟದಲ್ಲಿ ಇದನ್ನು ಕೇಳುವವರು ಯಾರು? ನಾನೂ ಕೇಳಿದವನಲ್ಲ. ನನ್ನ ಶಾಲೆಯ ತಂಡದಲ್ಲೂ ಎಡಗೈ ಬೌಲರನೊಬ್ಬನಿದ್ದಾನೆ. ಗೆಳೆಯ ಮಾತಾಡುತ್ತಿದ್ದಂತೆ ಅವನ ಮುಖವೇ ನನಗೆ ಕಾಣುತ್ತಿತ್ತು.

ಆ ಮಾತಿನ ನಡುವೆ ಅನಿಲ್ ಕುಂಬ್ಳೆ ಬಂದರು. ನಮ್ಮ ಕುಂಬಳೆಯ ಹೆಸರನ್ನು ಹೊತ್ತವರು ಬಾರದೆ ಇರುತ್ತಾರೆಯೇ? 1999ರ ಫೆಬ್ರವರಿ 7, ಭಾನುವಾರ. ಟಿ.ಸಿ.ಎಚ್.ನವರು ಹದಿನೈದು ಮಂದಿ ಒಂದು ಹೋಟೆಲಿನ ಟಿ.ವಿ. ಮುಂದೆ ಚಾ ಕುಡಿಯದೆಯೂ ಜಾಗ ಬಿಡದೆ ನಿಂತಿದ್ದೆವು. ದೆಹಲಿಯಲ್ಲಿ 420 ರನ್ನಿನ ಗುರಿ ಹಿಡಿದ ಪಾಕಿಸ್ತಾನ ವಿಕೆಟ್ ಇಲ್ಲದೆ 101. ಊಟದ ವಿರಾಮದ ನಂತರ ನಾಯಕ ಅಜರುದ್ದೀನ್ ಕುಂಬ್ಳೆಯವರ ತುದಿ ಬದಲಿಸಿದರು. ಪಾಕಿಸ್ತಾನ 207ಕ್ಕೆ ಮುಗಿಯಿತು, 26.3 ಓವರುಗಳಲ್ಲಿ 74 ರನ್ನಿಗೆ ಹತ್ತಕ್ಕೆ ಹತ್ತೂ ಕುಂಬ್ಳೆ. ಒಂಬತ್ತು ಬಿದ್ದ ಮೇಲೆ ಹತ್ತನೆಯದು ತನಗೆ ಬೀಳದಿರಲೆಂದು ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಎಸೆದರು.

‘ಅದನ್ನ ನೋಡೇ ನಾವು ಕೆಟ್ಟಿದ್ದು’ ಎಂದ ಗೆಳೆಯ. ‘ಒಬ್ಬನೇ ಎಲ್ಲಾ ಮಾಡಬೇಕು ಅಂತ ತಲೆಯಾಗ ಕುಂತಬಿಡ್ತು. ಎರಡು ವರ್ಷದ ಮೇಲೆ ಏನಾತು? ನೆನಪೈತಾ?’

ನೆನಪಿತ್ತು. 2001ರಲ್ಲಿ ಆಸ್ಟ್ರೇಲಿಯ ಇಲ್ಲಿಗೆ ಬಂದಾಗ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಆಡಲಿಲ್ಲ. ಮರಳಿ ಬಂದು, 2008ರಲ್ಲಿ ನಿವೃತ್ತರಾಗುವಾಗ 619 ಟೆಸ್ಟ್ ವಿಕೆಟ್ ಅವರ ಹೆಸರಿನಲ್ಲಿತ್ತು. ಆದರೆ ಅವರ ಭುಜ ನೋಡಲು ವೈದ್ಯರಿದ್ದರು, ಕಾಯಲು ಮಂಡಳಿಯಿತ್ತು. ಗುಂಟೂರಿಗೆ ಹೊರಟ ಹುಡುಗನಿಗೆ ಇದ್ದದ್ದು ಒಬ್ಬ ಮಾಸ್ತರ.

ಮರುದಿನ ಸಂಜೆ ಶಾಲೆಯ ಬಯಲಿಗೆ ಹೋದೆವು. ಗುಂಟೂರಿನಿಂದ ಮರಳಿದ್ದ ಆ ಹುಡುಗನೂ ಬಂದಿದ್ದ. ಮೂರು ತಿಂಗಳು ಕಳೆದು ಎಸೆಯತೊಡಗಿ ಅದು ಎರಡನೆಯ ವಾರ. ಗೆಳೆಯ ಹಳೆಯ ಹಾಜರಿ ಪುಸ್ತಕವೊಂದನ್ನು ತಂದು ಕಲ್ಲಿನ ಮೇಲೆ ಕುಳಿತ. ಪುಟದ ಎಡಕ್ಕೆ ಹುಡುಗರ ಹೆಸರು, ಹಾಜರಿ ಗುರುತಿನ ಮನೆಗಳಲ್ಲಿ ಎಸೆತಗಳ ಸಂಖ್ಯೆ. ಇಪ್ಪತ್ತನಾಲ್ಕು ಆದದ್ದೇ ‘ಸಾಕು, ಕೊಡು’ ಎಂದು ಕೂಗಿದ. ಹುಡುಗ ಚೆಂಡನ್ನು ಬೆನ್ನಹಿಂದೆ ಮುಚ್ಚಿಟ್ಟು, ‘ಇನ್ನೊಂದೇ ಓವರ್ ಸಾರ್’ ಎಂದ. ಇವನು ತಲೆಯೆತ್ತದೆ ಹೆಸರಿನ ಮುಂದೆ 24 ಎಂದು ಬರೆದು, ಪಕ್ಕದ ಎರಡು ಮನೆಗಳಿಗೆ ಅಡ್ಡಗೆರೆ ಎಳೆದು, ಚೆಂಡಿಗಾಗಿ ಕೈ ಚಾಚಿಕೊಂಡೇ ಕುಳಿತ. ಕೊನೆಗೆ ಹುಡುಗನೇ ಬಂದು ಕೊಟ್ಟು ಹೋದ.