ತಂತ್ರಾಂಶದ ಪುನರ್ರಚನೆಯೂ ಮಹಮೂದ್ ಗಾವಾನನ ಸುಧಾರಣೆಯೂ

ಬಳಕೆಯಲ್ಲಿರುವ ತಂತ್ರಾಂಶದ ಹೊರಗಿನ ವರ್ತನೆಯನ್ನು ಬದಲಿಸದೆ ಒಳಗಿನ ಕೋಡ್‌ನ ರಚನೆಯನ್ನು ಮಾತ್ರ ತಿದ್ದುವ ಕಾರ್ಯಕ್ಕೆ ರಿಫ್ಯಾಕ್ಟರಿಂಗ್ ಎಂದು ಹೆಸರು. ಮಾರ್ಟಿನ್ ಫೌಲರ್ ಅವರು 1999ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪದವು ಹೆಚ್ಚು ಪ್ರಚಾರಕ್ಕೆ ಬಂದಿತು. ಈ ಕಾರ್ಯದಲ್ಲಿ ತಾಂತ್ರಿಕ ಭಾಗಕ್ಕಿಂತ ಕಠಿನವಾದುದು ವ್ಯವಸ್ಥಾಪಕರನ್ನೂ ಸಹೋದ್ಯೋಗಿಗಳನ್ನೂ ಒಪ್ಪಿಸುವುದು. ಈ ಕಷ್ಟವು ಹೊಸತಲ್ಲವೆಂಬುದಕ್ಕೆ ಬೀದರಿನ ಇತಿಹಾಸವೇ ಸಾಕ್ಷಿ.

ಪ್ರಧಾನಿ ಮಹಮೂದ್ ಗಾವಾನನ ಕಾಲಕ್ಕೆ ಬಹಮನಿ ರಾಜ್ಯವು ಬಹಳವಾಗಿ ವಿಸ್ತರಿಸಿದ್ದಿತು. ಆಡಳಿತ ವಿಭಾಗಗಳು ಮಾತ್ರ ಹಿಂದಿನ ನಾಲ್ಕು ತರಫುಗಳೇ ಆಗಿದ್ದುವು. ಅವನು ಅವನ್ನು ಎಂಟಾಗಿ ವಿಂಗಡಿಸಿದನು. ಪ್ರತಿಯೊಬ್ಬ ತರಫುದಾರನ ವಶದಲ್ಲಿ ಒಂದೇ ಕೋಟೆಯನ್ನುಳಿಸಿ ಮಿಕ್ಕವನ್ನು ಸುಲ್ತಾನನ ಅಧೀನಕ್ಕೆ ತಂದನು. ಸುಧಾರಣೆಯೇನೋ ವಿವೇಕದ್ದೇ, ಆದರೆ ಅಧಿಕಾರ ಕುಗ್ಗಿದ ಸರದಾರರು ಅಸಂತುಷ್ಟರಾದರು. ದಖನಿ ಮತ್ತು ಅಫಾಕಿ ಪಕ್ಷಗಳ ವೈರವೂ ಇದಕ್ಕೆ ಕೂಡಿಕೊಂಡಿತು. ಗಾವಾನನ ಮುದ್ರೆಯಿದ್ದ ಕಾಗದದಲ್ಲಿ, ಅವನು ಒರಿಸ್ಸಾದ ಅರಸನಿಗೆ ಬರೆದನೆಂಬಂತೆ, ವಿರೋಧಿಗಳು ಕಪಟಪತ್ರವೊಂದನ್ನು ಸೃಷ್ಟಿಸಿದರು. 1481ರ ಏಪ್ರಿಲ್ 5ರಂದು ಮೂರನೆಯ ಮಹಮ್ಮದ್ ಷಹನ ಆಜ್ಞೆಯಂತೆ ಅವನ ವಧೆಯಾಯಿತು. ಅನಂತರದ ದಶಕಗಳಲ್ಲಿ ರಾಜ್ಯವು ಒಡೆದು ಐದಾಯಿತು.

ಈ ಹೋಲಿಕೆಗೆ ಮಿತಿಯುಂಟು. ತಂತ್ರಾಂಶದ ಪುನರ್ರಚನೆಯಲ್ಲಿ ಯಾರ ಅಧಿಕಾರವನ್ನೂ ಕಸಿಯಬೇಕಾಗಿಲ್ಲ. ಆದರೂ ತಾನು ಬರೆದ ಭಾಗವು ಬರೆದವನಿಗೆ ಒಂದು ಕೋಟೆಯೇ ಸರಿ. ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳಿಗೆ ಶುಲ್ಕ ಲೆಕ್ಕಹಾಕುವ ತಂತ್ರಾಂಶವೊಂದನ್ನು ಊಹಿಸಿಕೊಳ್ಳೋಣ. ಒಂದೇ ರಿಯಾಯಿತಿಯ ನಿಯಮವನ್ನು ಮೂವರು ಮೂರು ಕಡೆ ಬರೆದಿದ್ದಾರೆ. ನಿಯಮ ಬದಲಾದಾಗ ಎರಡು ಕಡೆ ತಿದ್ದಿ, ಔರಾದದ್ದನ್ನು ಮರೆತರೆ, ಅಲ್ಲಿನ ಬಡ ವಿದ್ಯಾರ್ಥಿಯು ಹೆಚ್ಚು ಹಣ ತೆರಬೇಕಾಗುತ್ತದೆ. ನಿಯಮವನ್ನು ಒಂದೇ ಕಡೆ ಇರಿಸುವುದೇ ಇಲ್ಲಿಯ ಪುನರ್ರಚನೆ.

ವ್ಯವಸ್ಥಾಪಕರ ಮುಂದೆ ಕೋಡ್‌ನ ಅಂದವನ್ನು ವರ್ಣಿಸಿ ಫಲವಿಲ್ಲ. ವಾರ್ಡ್ ಕನಿಂಗ್‌ಹ್ಯಾಮ್ ಅವರು 1992ರಲ್ಲಿಯೇ ಇಂಥ ಕೊರತೆಯನ್ನು ಸಾಲಕ್ಕೆ ಹೋಲಿಸಿದರು: ತೀರಿಸುವವರೆಗೂ ಪ್ರತಿಯೊಂದು ಬದಲಾವಣೆಯಲ್ಲಿಯೂ ಬಡ್ಡಿ ತೆರಬೇಕು. ಹಿಂದಿನ ಒಂದು ತಿದ್ದುಪಡಿಗೆ ಎಷ್ಟು ದಿನ ಹಿಡಿಯಿತು, ಎಲ್ಲೆಲ್ಲಿ ತಪ್ಪಿತು ಎಂಬುದನ್ನು ಬರೆದು ತೋರಿಸಿದರೆ ಆ ಬಡ್ಡಿಯು ಅವರಿಗೆ ಕಾಣುತ್ತದೆ. ಎಲ್ಲವನ್ನೂ ಒಮ್ಮೆಗೇ ಕೆಡವದೆ ಒಂದೊಂದು ಭಾಗವನ್ನೇ ಕೈಗೊಂಡು, ಹಳೆಯ ಹೊಸ ಫಲಿತಾಂಶಗಳು ಒಂದೇ ಎಂಬುದನ್ನು ಪ್ರತಿ ಹೆಜ್ಜೆಯಲ್ಲಿಯೂ ಪರೀಕ್ಷಿಸಬೇಕು. ಸಹೋದ್ಯೋಗಿಗಳ ವಿಷಯದಲ್ಲಿ, ಆಯಾ ಭಾಗವನ್ನು ಬರೆದವನನ್ನೇ ಮೊದಲು ಕೇಳಿ, ಅವನ ಕೈಯಿಂದಲೇ ತಿದ್ದಿಸುವುದು ಲೇಸು. ತನ್ನ ಕೋಟೆಯ ಬಾಗಿಲನ್ನು ತಾನೇ ತೆರೆದವನು ಮುತ್ತಿಗೆಯ ದೂರು ಹೇಳಲಾರನು.