ಕೆರೆಯೋ, ಹಡಗುಕಟ್ಟೆಯೋ?

ಪ್ರಾಚೀನ ಕಾಲದ ಕಡಲ ವ್ಯಾಪಾರವೆಂದೊಡನೆ ಫಿನೀಷಿಯರ ನೆನಪಾಗುತ್ತದೆ. ಟೈರ್, ಸೈಡಾನ್ ನಗರಗಳ ಈ ನಾವಿಕರು ಮೆಡಿಟರೇನಿಯನ್ ತೀರಗಳಿಗೆ ಸರಕಿನೊಡನೆ 22 ಅಕ್ಷರಗಳ ಲಿಪಿಯನ್ನೂ ಒಯ್ದರು. ಅವರಿಗಿಂತ ಸಾವಿರ ವರ್ಷ ಮೊದಲೇ ಗುಜರಾತಿನಲ್ಲಿ ಹಡಗುಕಟ್ಟೆಯೊಂದಿತ್ತೆಂದು ಸಾರಿದವರು ಕನ್ನಡಿಗರಾದ ಶಿಕಾರಿಪುರ ರಂಗನಾಥ ರಾಯರು (1922–2013). ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕಲಿತ ಇವರು 1955ರಿಂದ 1960ರವರೆಗೆ ಲೋಥಲ್‌ನಲ್ಲಿ ಉತ್ಖನನ ನಡೆಸಿದರು.

ಅಲ್ಲಿ ದೊರೆತದ್ದು ಸುಮಾರು 210 ಮೀಟರು ಉದ್ದ, 35 ಮೀಟರು ಅಗಲದ ಒಂದು ಕೊಳ. ಇದು ಹಡಗುಕಟ್ಟೆಯೆಂದರು ರಾಯರು. ಬರಿಯ ನೀರಾವರಿಯ ಕೆರೆಯೆಂದು 1968ರಲ್ಲಿ ಲೆಷ್ನಿಕ್ ಎಂಬ ವಿದ್ವಾಂಸರು ವಾದಿಸಿದರು.

ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾರ್ಥಿಗಳಿಗೆ ಕೆರೆಯೆಂದರೇನೆಂದು ನಾವು ಹೇಳಬೇಕಾಗಿಲ್ಲ. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ, ಗದ್ದೆಗೆ ನೀರು ಬಿಡಲು ತೂಬು, ಹೆಚ್ಚಿದ ನೀರು ಹರಿಯಲು ಕೋಡಿ. ಲೋಥಲ್‌ನಲ್ಲಾದರೋ ನಾಲ್ಕು ಕಡೆಗೂ ಸುಟ್ಟ ಇಟ್ಟಿಗೆಯ ನೆಟ್ಟನೆಯ ಗೋಡೆ. ಉಬ್ಬರದಲ್ಲಿ ನೀರು ಒಳನುಗ್ಗಲು ದ್ವಾರ. ಇಳಿತದಲ್ಲಿ ದೋಣಿಗಳು ಕೆಸರಿಗೆ ಕೂರದಂತೆ ನೀರನ್ನು ತಡೆದು, ಹೆಚ್ಚಾದುದನ್ನು ಮಾತ್ರ ಹೊರಬಿಡುವ ಕೋಡಿ. ಆದರೂ ಆಕಾರವೊಂದೇ ಸಾಕ್ಷಿಯಾಗಲಾರದು. ಮುಂದೆ ಕೊಳದ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಕಡಲಿನ ಫೊರಾಮಿನಿಫೆರಾ ಜೀವಿಗಳ ಚಿಪ್ಪುಗಳು ಕಂಡವು. ಉಪ್ಪುನೀರಿನಿಂದ ಯಾವ ರೈತ ಬೆಳೆ ತೆಗೆದಾನು? ಸಬರಮತಿಯ ಹಳೆಯ ಪಾತ್ರ ಲೋಥಲ್ ಪಕ್ಕದಲ್ಲೇ ಹಾದುಹೋಗಿತ್ತೆಂದು 2024ರಲ್ಲಿ ಗಾಂಧೀನಗರದ ಐಐಟಿಯವರು ಉಪಗ್ರಹಚಿತ್ರಗಳಿಂದ ತೋರಿಸಿದರು. ವಿವಾದ ಪೂರ್ತಿ ಅಡಗಿಲ್ಲ. ಆದರೆ ತಕ್ಕಡಿ ರಾಯರ ಕಡೆಗೆ ವಾಲಿದೆಯೆಂದೇ ನಮ್ಮ ಅಭಿಪ್ರಾಯ.

ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಇವರು ಕಡಲಡಿಯ ಪ್ರಾಕ್ತನ ಸಂಶೋಧನೆಗೆ ತಳಹದಿ ಹಾಕಿದರು. ಅರುವತ್ತು ದಾಟಿದ ವಯಸ್ಸಿನಲ್ಲಿ ದ್ವಾರಕೆಯ ಸಮುದ್ರಶೋಧನೆಯ ನೇತೃತ್ವ ವಹಿಸಿದರು.

ಲಿಪಿಯ ವಿಷಯದಲ್ಲಿ ಮಾತ್ರ ನಾವು ರಾಯರ ಜೊತೆ ಹೋಗಲಾರೆವು. 1982ರ ತಮ್ಮ ಗ್ರಂಥದಲ್ಲಿ ಅವರು ಸಿಂಧೂ ಲಿಪಿಯ ಸುಮಾರು ನಾನೂರು ಚಿಹ್ನೆಗಳನ್ನು ಬಿಡಿಸಿ, ಕೆಲವೇ ಮೂಲಚಿಹ್ನೆಗಳಿಗಿಳಿಸಿ, ಫಿನೀಷಿಯ ಮೊದಲಾದ ಸೆಮಿಟಿಕ್ ಅಕ್ಷರಗಳೊಡನೆ ಹೋಲಿಸಿದರು. ಅಕ್ಷರಮಾಲೆಯ ತವರು ಸಿಂಧೂಬಯಲೇ ಎಂದರು. ಆಕಾರ ಹೋಲಿದ ಮಾತ್ರಕ್ಕೆ ಉಚ್ಚಾರಣೆಯೂ ಒಂದೇ ಆಗಬೇಕೆ? ಕೊಳದ ವಾದಕ್ಕೆ ಚಿಪ್ಪುಗಳು ಸಾಕ್ಷಿ ನುಡಿದವು. ಇಲ್ಲಿ ಅಂತಹ ಸ್ವತಂತ್ರ ಸಾಕ್ಷಿಯಿಲ್ಲ. ಒಂದೊಂದು ಬರಹದಲ್ಲಿ ಸರಾಸರಿ ಐದೇ ಚಿಹ್ನೆಗಳು. ಈಜಿಪ್ಟಿನ ಲಿಪಿಯನ್ನು ಓದಿಸಿದ ರೊಸೆಟ್ಟಾ ಶಿಲೆಯಂತಹ ಬಹುಲಿಪಿಯ ಶಾಸನ ಸಿಂಧೂ ಲಿಪಿಗೆ ಇನ್ನೂ ದೊರೆತಿಲ್ಲ.