ಕಾಲ್ಚೆಂಡಾಟದ ಆಯ್ಕೆಗೆ ಮಗುವನ್ನು ಅಣಿಗೊಳಿಸುವುದು

ಕಾಸರಗೋಡು ಜಿಲ್ಲೆಯ ಶಾಲಾ ಮಕ್ಕಳಿಗೆ ಕಾಲ್ಚೆಂಡಾಟದ ಮೊದಲ ಮೆಟ್ಟಿಲು ಉಪಜಿಲ್ಲಾ ಮಟ್ಟದ ಆಯ್ಕೆ. ಅದರ ಮೇಲೆ ಕಂದಾಯ ಜಿಲ್ಲೆ, ಬಳಿಕ ರಾಜ್ಯ. ಇಂತಹ ಆಯ್ಕೆಗಳಲ್ಲಿ ಮೈದಾನದ ಸೂಚನೆಗಳು ಬಹುಮಟ್ಟಿಗೆ ಮಲಯಾಳದಲ್ಲಿರುತ್ತವೆ. ಸೂಚನೆಯನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳುವ ಮಗು ಅರೆಕ್ಷಣ ತಡೆಯುತ್ತದೆ. ಆ ತಡವನ್ನು ಕಂಡವರು ಮಗುವಿಗೆ ಆಟವೇ ತಿಳಿಯದೆಂದು ಭಾವಿಸಬಹುದು. ಆದುದರಿಂದ ಕನ್ನಡ ಮಾಧ್ಯಮದ ಮಗುವಿನ ಕಾಲಿಗೆ ಎಷ್ಟು ಅಭ್ಯಾಸ ಬೇಕೋ ಕಿವಿಗೂ ಅಷ್ಟೇ ಬೇಕು.

ಇದು ಕಠಿನ ಕಾರ್ಯವಲ್ಲ. ಮಲಯಾಳದ 'ವಲತ್ತೋಟ್ಟ್' ಎಂಬುದು ನಮ್ಮ ಬಲಕ್ಕೆ, 'ಇಡತ್ತೋಟ್ಟ್' ಎಡಕ್ಕೆ, 'ಮುನ್ನೋಟ್ಟ್' ಮುಂದಕ್ಕೆ, 'ಪಿನ್ನೋಟ್ಟ್' ಹಿಂದಕ್ಕೆ. ಅಲ್ಲಿಯ ವಕಾರಕ್ಕೆ ಇಲ್ಲಿ ಬಕಾರ, ಪಕಾರಕ್ಕೆ ಹಕಾರ ಬರುವುದನ್ನು ತೋರಿಸಿದರೆ ಭಾಷಾಪಾಠವೂ ಆದಂತಾಯಿತು. ಪ್ರತಿದಿನ ಐದು ನಿಮಿಷ ಈ ಮಾತುಗಳನ್ನು ಕೂಗಿ ಮಕ್ಕಳನ್ನು ಓಡಿಸಬೇಕು. ಅರ್ಥವಾಗದಿದ್ದಾಗ ಕೈಯೆತ್ತಿ ಮತ್ತೊಮ್ಮೆ ಕೇಳುವುದು ಅವಮಾನವಲ್ಲವೆಂಬುದನ್ನೂ ಕಲಿಸಬೇಕು.

ಆಟದ ಅಭ್ಯಾಸವನ್ನು ಕನಿಷ್ಠ ನಾಲ್ಕು ವಾರ ಮೊದಲೇ ಆರಂಭಿಸುವುದು ಲೇಸು. ಹನ್ನೆರಡು ದಾಟಿದವರಿಗೆ ಸಾಮಾನ್ಯವಾಗಿ 5ನೇ ಅಳತೆಯ ಚೆಂಡು. ಅದರ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ರಬ್ಬರ್ ಚೆಂಡಿನಲ್ಲಿ ಮಾತ್ರ ಆಡಿದ ಮಗುವಿಗೆ ಅದು ಭಾರವೆನಿಸುತ್ತದೆ; ಅಭ್ಯಾಸ ಅದರಲ್ಲಿಯೇ ನಡೆಯಲಿ. ಬಂದ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಹಿಡಿತಕ್ಕೆ ತರುವುದು, ಎರಡೂ ಕಾಲುಗಳಿಂದ ಸಮೀಪದ ಜೊತೆಗಾರನಿಗೆ ನೀಡುವುದು, ಚೆಂಡು ಕೈತಪ್ಪಿದೊಡನೆ ರಕ್ಷಣೆಗೆ ಹಿಂದಿರುಗುವುದು: ಆಯ್ಕೆಗಾರರು ಗೋಲಿನಷ್ಟೇ ಇವುಗಳನ್ನೂ ಗಮನಿಸುತ್ತಾರೆ. ಪೂರ್ಣ ಮೈದಾನವಿಲ್ಲದ ಶಾಲೆಯಲ್ಲಿ ನಾಲ್ವರು ನಾಲ್ವರ ಎದುರು ಆಡುವ ಕಿರು ಆಟ ಇವೆಲ್ಲವನ್ನೂ ಕಲಿಸುತ್ತದೆ; ಪ್ರತಿಯೊಬ್ಬನಿಗೂ ಚೆಂಡು ಹೆಚ್ಚು ಬಾರಿ ದೊರೆಯುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಚೆಂಡು ಜಾರುವ ರೀತಿಯೂ ಪರಿಚಯವಾಗಿರಲಿ.

ದಾಖಲೆಗಳನ್ನು ಅಧ್ಯಾಪಕರು ಮುಂಚಿತವಾಗಿ ಪರಿಶೀಲಿಸತಕ್ಕದ್ದು. ವಯೋವರ್ಗ ನಿರ್ಣಯವಾಗುವುದು ಜನ್ಮದಿನಾಂಕದಿಂದ. ಶಾಲಾ ದಾಖಲೆಯಲ್ಲಿ ಒಂದು ಬಗೆಯಾಗಿಯೂ ಆಧಾರ್‌ನಲ್ಲಿ ಮತ್ತೊಂದು ಬಗೆಯಾಗಿಯೂ ಹೆಸರಿದ್ದರೆ, ಲಿಪಿ ಬದಲಾದಾಗ ಉಂಟಾದ ಈ ವ್ಯತ್ಯಾಸವು ಮೈದಾನದ ಬಾಗಿಲಲ್ಲೇ ಮಗುವನ್ನು ತಡೆಯಬಹುದು.

ಆಯ್ಕೆಯ ಹಿಂದಿನ ದಿನ ಕಠಿನ ವ್ಯಾಯಾಮ ಬೇಡ, ನಿದ್ರೆ ಬೇಕು. ಆಟಕ್ಕೆ ಎರಡು ಮೂರು ಗಂಟೆ ಮೊದಲು ಇಡ್ಲಿಯಂತಹ ಹಗುರವಾದ ಪರಿಚಿತ ಆಹಾರ ಸಾಕು, ನೀರು ಜೊತೆಗಿರಲಿ.

ಆಯ್ಕೆಯಾಗುವವರು ಕೆಲವರೇ ಎಂಬುದನ್ನು ಮಗುವಿಗೂ ಹೆತ್ತವರಿಗೂ ಮೊದಲೇ ತಿಳಿಸಿರಬೇಕು. ಆಯ್ಕೆಯಾಗದ ಮಗು "ನಾನು ಕನ್ನಡ ಶಾಲೆಯವನಾದುದರಿಂದ ಹೀಗಾಯಿತು" ಎಂಬ ನಂಬಿಕೆಯೊಂದಿಗೆ ಮರಳಬಾರದು. ಕೊರತೆ ಎಲ್ಲಿತ್ತೆಂದು ತರಬೇತುದಾರರನ್ನು ಅಧ್ಯಾಪಕರೇ ವಿಚಾರಿಸಿ, ತಿದ್ದಬಹುದಾದ ಒಂದೆರಡು ಅಂಶಗಳನ್ನು ಮಗುವಿಗೆ ಅದರ ಭಾಷೆಯಲ್ಲಿ ವಿವರಿಸಲಿ. ಮುಂದಿನ ವರ್ಷದ ಅಭ್ಯಾಸ ಅಲ್ಲಿಂದ ಮೊದಲಾಗಲಿ.